ನಾನೂರು ಎಲೆಗಳಲ್ಲಿ ನನ್ನದೊಂದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನೂರು ಎಲೆಗೆ ಎಷ್ಟು ಅಕ್ಕಿ ಹಾಕಬೇಕು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅದರಲ್ಲಿ ನೂರು ಮಂದಿ ಶಾಲೆಯ ಮಕ್ಕಳಾದರೆ ಎಷ್ಟು ಇಳಿಸಬೇಕು, ಬಸ್ಸಿನಲ್ಲಿ ದೂರದಿಂದ ಬಂದ ದಿಬ್ಬಣವಾದರೆ ಎಷ್ಟು ಏರಿಸಬೇಕು, ಅದೂ ಗೊತ್ತು. ಆದರೆ ಒಂದೇ ಒಂದು ಎಲೆಗೆ, ಅದರಲ್ಲೂ ನನ್ನ ಎಲೆಗೆ, ಎಷ್ಟು ಅನ್ನ ಬೀಳುತ್ತದೆ ಎಂದು ಯಾರಾದರೂ ಕೇಳಿದ್ದರೆ ಮೊನ್ನೆ ಮೊನ್ನೆಯವರೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಐವತ್ತೆರಡು ವರ್ಷ ಉಂಡವನು ಹೇಳಿಕೊಳ್ಳುವ ಮಾತಲ್ಲ ಇದು.

ನಾನು ಅಡುಗೆಯವನು. ಮನೆ ಜಯಪುರದಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ಕಡೆ ಮದುವೆ, ಉಪನಯನ, ಗೃಹಪ್ರವೇಶ ಎಂದರೆ ನನ್ನ ಕೊಪ್ಪರಿಗೆ ಏರುತ್ತದೆ. ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಕಾಯಿ ತುರಿಯಲು ಕೂತವನಿಗೆ ತುರಿಮಣೆಯಿಂದ ಒಲೆಯ ಮುಂದಕ್ಕೆ ಬರಲು ಎಂಟು ವರ್ಷ ಹಿಡಿಯಿತು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ ಎಂದು ಹೆಂಡತಿ ಸಾವಿತ್ರಿ ಹೇಳುತ್ತಾಳೆ. ಏರಲಿ. ದುಡಿದು ಕಲಿತದ್ದಕ್ಕೆ ದನಿ ಏರಿಸದೆ ಇನ್ನು ಯಾವುದಕ್ಕೆ ಏರಿಸುವುದು?

ಈಗ ಕಾಲಿನ ವಿಷಯ. ಹೋದ ವರ್ಷ ಕಮ್ಮರಡಿಯ ಒಂದು ಮನೆಯಲ್ಲಿ ಅನ್ನ ಬಸಿಯುವಾಗ ಗಂಜಿ ಎಡಗಾಲಿನ ಮೇಲೆ ಹಾರಿತು. ನಮ್ಮ ಕೆಲಸದಲ್ಲಿ ಇದು ಸುದ್ದಿಯೇ ಅಲ್ಲ. ಬಾಳೆದಿಂಡಿನ ರಸ ಹಚ್ಚಿ ಮುಂದಿನ ಪಂಕ್ತಿಗೆ ಬಡಿಸುವುದು ನಮ್ಮ ಕ್ರಮ. ಆದರೆ ಎರಡು ತಿಂಗಳಾದರೂ ಹೆಬ್ಬೆರಳಿನ ಬುಡದಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗ ಮಾಯಲೇ ಇಲ್ಲ. ಸಾವಿತ್ರಿ ಎಳೆದುಕೊಂಡು ಕೊಪ್ಪದ ಡಾಕ್ಟರ ಹತ್ತಿರ ಹೋದಳು. ಅವರು ರಕ್ತ ಪರೀಕ್ಷೆ ಮಾಡಿಸಿ ಚೀಟಿಯನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು, ಮತ್ತೆ ಚೀಟಿಯನ್ನು ನೋಡಿದರು. ಸಕ್ಕರೆ ಇಳಿಯದೆ ಗಾಯ ಮಾಯುವುದಿಲ್ಲ, ಮಾಯದೆ ಒಳಗೆ ಇಳಿದರೆ ಬೆರಳು ತೆಗೆಯಬೇಕಾಗುತ್ತದೆ, ಆಮೇಲೆ ಒಲೆಯ ಮುಂದೆ ನಿಲ್ಲುವ ಮಾತಿಲ್ಲ ಎಂದರು. ಮಾತ್ರೆ ಕೊಟ್ಟು ಮೂರು ತಿಂಗಳ ಗಡುವನ್ನೂ ಕೊಟ್ಟರು. ದಿನಾ ತಿಂದದ್ದನ್ನೆಲ್ಲ ಬರೆದಿಡಿ ಎಂದರು. ಬೆರಳು ಹೋದರೆ ಹೋಗಲಿ ಎನ್ನಬಹುದು. ಒಲೆ ಬಿಟ್ಟರೆ ನಾನು ಯಾರು ಎಂದು ನನಗೇ ಗೊತ್ತಿಲ್ಲ.

ಬರೆದಿಡಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಮಗಳು ಸುಮಾಳ ಕಾಲೇಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಿಷಯ ಹಂಚಿದರು. ಅವಳಿಗೆ ಬಂದದ್ದು ಇದು: ಊಟದ ಕ್ಯಾಲೊರಿ ಲೆಕ್ಕ ಹಾಕುವ ಆ್ಯಪಿನಲ್ಲಿ ಎಂತೆಂಥ ಸೌಲಭ್ಯ ಇದ್ದರೆ ಜನ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾರೆ? ಇಪ್ಪತ್ತು ಜನರನ್ನು ಕೇಳಿ ಬರೆಯಬೇಕು. ಹತ್ತೊಂಬತ್ತು ಜನ ಸಿಕ್ಕಿದ್ದರು. ಇಪ್ಪತ್ತನೆಯವನು ಜಗಲಿಯಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಡಾಕ್ಟರ ಮಾತೂ ನಡೆಯಿತು, ತನ್ನ ಕಾಲೇಜಿನ ಕೆಲಸವೂ ಆಯಿತು ಎಂದು ನನ್ನ ಮೊಬೈಲಿಗೆ ಒಂದು ಆ್ಯಪು ಹಾಕಿಕೊಟ್ಟಳು.

ಕ್ಯಾಲೊರಿ ಎಂದರೆ ಎಂತ ಎಂದು ನಾನು ಕೇಳಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ ಎಂದಳು. ನನಗೆ ನಗು ಬಂತು. ಈ ಮೂರು ತಾಲೂಕಿನಲ್ಲಿ ನನ್ನಷ್ಟು ನೀರು ಕಾಯಿಸಿದವರು ಯಾರಿದ್ದಾರೆ? ಹಲಸಿನ ಕಟ್ಟಿಗೆಗೆ ಎಷ್ಟು ಹೊತ್ತು, ಹಸಿ ಸೌದೆಗೆ ಎಷ್ಟು ಹೊತ್ತು, ಗ್ಯಾಸಿನ ಒಲೆಗೆ ಎಷ್ಟು ಎಂದು ಹಂಡೆಯ ಸದ್ದು ಕೇಳಿಯೇ ಹೇಳುವವನು ನಾನು. ನಾನು ಹೊರಗೆ ಮಾಡಿದ ಕೆಲಸವನ್ನೇ ನಾನು ಬೇಯಿಸಿದ ಅನ್ನ ನನ್ನೊಳಗೆ ಮಾಡುತ್ತಿದೆ, ಅಷ್ಟೇ ತಾನೇ? ಶಾಲೆ ಬಿಟ್ಟದ್ದರಿಂದ ಹೆಚ್ಚು ನಷ್ಟವೇನೂ ಆಗಿಲ್ಲ ಎಂದುಕೊಂಡು ಹುಮ್ಮಸ್ಸಿನಿಂದ ಶುರು ಮಾಡಿದೆ.

ಆ್ಯಪಿಗೆ ಪೇಟೆಯ ತಿಂಡಿಗಳೆಲ್ಲ ಗೊತ್ತು. ಸೊಪ್ಪು ಅರೆದು ಮಜ್ಜಿಗೆ ಬೆರೆಸಿದ ನಮ್ಮ ತಂಬುಳಿ ಎಂದರೆ ಗೊತ್ತಿಲ್ಲ. ನಾನು ತಂಬುಳಿ ಎಂದು ಬರೆದರೆ ಮಾವಿನಹಣ್ಣು ಹಾಕಿದ ಲಸ್ಸಿಯ ಚಿತ್ರ ತೋರಿಸಿ ಇದೇನಾ ಎಂದು ಕೇಳುತ್ತದೆ. ಕೆಲವು ಗುಂಡಿಗಳ ಮೇಲೆ ಸಣ್ಣ ಬೀಗದ ಚಿತ್ರ. ದುಡ್ಡು ಕಟ್ಟಿದವರಿಗೆ ಮಾತ್ರ ಅವು ತೆರೆಯುತ್ತವೆ. ಮೊದಲ ವಾರ ನೋಡಲೆಂದು ಬಿಟ್ಟಿಯಾಗಿ ತೆರೆದಿಟ್ಟಿದ್ದರು. ಅದರಲ್ಲೊಂದು, ಊಟದ ಫೋಟೋ ಹೊಡೆದರೆ ಲೆಕ್ಕ ಅದೇ ಹೇಳುವುದು. ಎನ್.ಆರ್. ಪುರದ ಒಂದು ಗೃಹಪ್ರವೇಶದಲ್ಲಿ ಎಲೆಗೆ ಎಲ್ಲ ಬಡಿಸಿಕೊಂಡು ಫೋಟೋ ಹೊಡೆದೆ. ಅದು ಸ್ವಲ್ಪ ಯೋಚಿಸಿ, ಮುಕ್ಕಾಲು ಪಾಲು ಹಸಿ ಸೊಪ್ಪು, ಜೊತೆಗೆ ಸ್ವಲ್ಪ ಅನ್ನ, ಬಹಳ ಆರೋಗ್ಯಕರ ಊಟ ಎಂದು ಬೆನ್ನು ತಟ್ಟಿತು. ಬಾಳೆಎಲೆಯನ್ನೂ ನಾನು ತಿನ್ನುತ್ತೇನೆ ಎಂದು ತಿಳಿದಿತ್ತು ಪಾಪ.

ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಗಂಟೆ ಬಾರಿಸಿ ಊಟವಾಯಿತೇ ಎಂದು ವಿಚಾರಿಸುತ್ತದೆ. ಅಡುಗೆಯವನನ್ನು ಒಂದು ಗಂಟೆಗೆ ಊಟವಾಯಿತೇ ಎಂದು ಕೇಳುವುದು, ಬಸ್ ಓಡಿಸುತ್ತಿರುವ ಡ್ರೈವರನನ್ನು ಊರು ಮುಟ್ಟಿದಿರಾ ಎಂದು ಕೇಳಿದ ಹಾಗೆ. ನಮ್ಮಲ್ಲಿ ಅಡುಗೆಯವರು ಉಣ್ಣುವುದು ಎಲ್ಲರ ಕೊನೆಗೆ. ಕೊನೆಯ ಪಂಕ್ತಿ ಎದ್ದು, ಬಡಿಸಿದವರು ಉಂಡು, ಎಂಜಲು ತೆಗೆದ ಮೇಲೆ ನಾಲ್ಕು ಗಂಟೆಗೋ ನಾಲ್ಕೂವರೆಗೋ ಕೊಪ್ಪರಿಗೆಗಳ ನಡುವೆ ನಾವು ಕೂರುವುದು. ಅತಿಥಿಗೆ ಮುಂಚೆ ಉಂಡ ಅಡುಗೆಯವನು ಎಂದು ಹೆಸರು ಬಂದರೆ ಆ ಹೆಸರು ಹೋಗುವುದಿಲ್ಲ. ಇನ್ನು ನಡಿಗೆಯ ಲೆಕ್ಕ. ಮೊಬೈಲು ಅಂಗಿಯ ಕಿಸೆಯಲ್ಲಿ, ಅಂಗಿ ಮೊಳೆಯ ಮೇಲೆ. ನಾನು ನಾಲ್ಕು ಗಂಟೆ ನಿಂತು ಹುಳಿ ತಿರುವಿದ ದಿನ, ಇವತ್ತು ನೀವು ಕೂತಲ್ಲೇ ಇದ್ದೀರಿ, ಎದ್ದು ಒಂದು ಸುತ್ತು ನಡೆಯಿರಿ ಎಂದಿತು.

ಸುಮಾ ಪುಸ್ತಕ ಹಿಡಿದು ಬಂದಾಗಲೆಲ್ಲ ನಾನು ಒಂದೊಂದು ಸೌಲಭ್ಯ ಬರೆಸುತ್ತಿದ್ದೆ. ಒಂದು, ನಮ್ಮ ಕಡೆಯ ಹೆಂಗಸರು 'ಒಂಚೂರು' ಎಂದು ಬಡಿಸುವುದು ಎಷ್ಟು ಎಂದು ಆ್ಯಪಿಗೆ ಗೊತ್ತಿರಬೇಕು. ಇನ್ನೊಂದು, ಬಡಿಸುವವರು ಎರಡನೇ ಸಲ ಹತ್ತಿರ ಬರುತ್ತಿದ್ದಾರೆ ಎನ್ನುವಾಗ ತನ್ನಷ್ಟಕ್ಕೇ ಫೋನು ರಿಂಗಾಗಬೇಕು, ಮಾತಾಡುವ ನೆಪದಲ್ಲಿ ಎದ್ದು ಹೋಗಬಹುದು. ಇದಕ್ಕಾದರೆ ತಿಂಗಳಿಗೆ ನೂರು ರೂಪಾಯಿ ಕೊಡುತ್ತೇನೆ ಎಂದೆ. ಅವಳು ನಗುತ್ತಲೇ ಬರೆದುಕೊಂಡಳು. ಆಮೇಲೆ ತಲೆ ಎತ್ತದೆ, "ಅಪ್ಪ, ತಮಾಷೆ ಸಾಕು. ಕಾಲು ಹೇಗಿದೆ?" ಎಂದಳು. ನಾನು ಕಾಲಿನ ಬಟ್ಟೆ ಬಿಚ್ಚಿ ತೋರಿಸಲಿಲ್ಲ.

ತೋರಿಸುವ ಹಾಗೆ ಇರಲಿಲ್ಲ. ಒಂದೂವರೆ ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿದೆವು. ಸಕ್ಕರೆ ಇಳಿದಿರಲಿಲ್ಲ, ಒಂದು ಮೆಟ್ಟಿಲು ಮೇಲೇ ಹೋಗಿತ್ತು. ನನಗೆ ಸಿಟ್ಟು ಬಂತು. ಏಕೆಂದರೆ ಆ ಹೊತ್ತಿಗೆ ನಾನು ಲೆಕ್ಕವನ್ನು ಬಹಳ ಶ್ರದ್ಧೆಯಿಂದ ಇಡುತ್ತಿದ್ದೆ. ಅದಕ್ಕೆ ನನ್ನದೇ ಒಂದು ಉಪಾಯವನ್ನೂ ಕಂಡುಹಿಡಿದಿದ್ದೆ. ಒಂದು ಎಲೆಯ ಲೆಕ್ಕ ಗೊತ್ತಿಲ್ಲದಿದ್ದರೇನು, ನಾನೂರು ಎಲೆಯ ಲೆಕ್ಕ ಗೊತ್ತಿದೆಯಲ್ಲ? ಹಾಕಿದ ಅಕ್ಕಿ, ಬೇಳೆ, ಬೆಲ್ಲ, ತುಪ್ಪ, ಕಾಯಿ ಎಲ್ಲವನ್ನೂ ನಾನೂರರಿಂದ ಭಾಗಿಸುವುದು, ಬಂದದ್ದನ್ನು ಆ್ಯಪಿಗೆ ಹಾಕುವುದು. ಏಳನೇ ಕ್ಲಾಸಿನ ಭಾಗಾಕಾರ ಇಷ್ಟಕ್ಕೆ ಧಾರಾಳ ಸಾಕು. ಆ್ಯಪು ದಿನಾ ಹಸಿರು ಬಣ್ಣ ತೋರಿಸುತ್ತಿತ್ತು. ಹಾಗಾದರೆ ತಪ್ಪು ರಕ್ತ ಪರೀಕ್ಷೆಯವರದ್ದೇ ಎಂದು ನಾನು ತೀರ್ಮಾನಿಸಿದೆ.

ಮಾರನೆಯ ದಿನ ಜೀಪಿನಲ್ಲಿ ಪಾತ್ರೆಗಳ ಜೊತೆ ಹೋಗುವಾಗ ಇದನ್ನೆಲ್ಲ ಗಣಪಣ್ಣನಿಗೆ ಹೇಳಿದೆ. ಗಣಪಣ್ಣ ನನ್ನ ಜೊತೆ ಇಪ್ಪತ್ತು ವರ್ಷದಿಂದ ಪಾಯಸ ಬಡಿಸುವವನು, ನನಗಿಂತ ಹಿರಿಯ. ಪೂರ್ತಿ ಕೇಳಿದ. ಆಮೇಲೆ ಎಲೆಯಡಿಕೆ ಕವಳದ ರಸವನ್ನು ಹೊರಗೆ ಉಗಿದು ನಿಧಾನವಾಗಿ ಹೇಳಿದ:

"ಅಲ್ಲ ಮಾರಾಯ, ನೀ ಉಣ್ಣುದು ನಾನೂರರಲ್ಲಿ ಒಂದು ಪಾಲು ಅಂತ ಯಾರು ಹೇಳಿದ್ದು ನಿಂಗೆ? ನೀ ಉಣ್ಣುದು ತಳ."

ನೀವು ಒಮ್ಮೆ ಯೋಚನೆ ಮಾಡಿ. ಪಾಯಸದ ಕೊಪ್ಪರಿಗೆಯಲ್ಲಿ ಭಾರವಾದದ್ದೆಲ್ಲ ಕೆಳಗೆ ಇಳಿಯುತ್ತದೆ. ಮೊದಲ ಪಂಕ್ತಿಗೆ ಹೋಗುವುದು ತೆಳ್ಳನೆಯ ಹಾಲು. ನಾಲ್ಕು ಗಂಟೆಗೆ ಉಳಿಯುವುದು ಬೆಂದ ಕಡಲೆಬೇಳೆ, ಬೆಲ್ಲ, ತುಪ್ಪ, ಗೋಡಂಬಿ ಎಲ್ಲ ಸೇರಿ ಮುದ್ದೆಯಾದ ತಳ. ಅದೇ ನನ್ನ ಪಾಲು, ಅದೂ ಸೌಟಿನಲ್ಲಲ್ಲ, ಲೋಟದಲ್ಲಿ. ಹುಳಿಯಲ್ಲಿ ನೀರು ಬತ್ತಿ ಬೇಳೆ ಮಾತ್ರ ಉಳಿದಿರುತ್ತದೆ. ಮುರಿದ ಹೋಳಿಗೆಗಳನ್ನು ಅತಿಥಿಗಳಿಗೆ ಹಾಕುವಂತಿಲ್ಲ, ಅವೂ ನನಗೇ. ಬೆಳಗಿನಿಂದ ಬರೀ ಟೀ ಕುಡಿದು ನಿಂತ ಹೊಟ್ಟೆಗೆ ಎಷ್ಟು ಹಾಕಿದರೂ ತಿಳಿಯುವುದಿಲ್ಲ. ಇಷ್ಟನ್ನೂ ನಾನು ಶಾಲೆ ಮಕ್ಕಳ, ಒಪ್ಪೊತ್ತಿನ ಅಜ್ಜಿಯರ ಎಲೆಗಳ ಜೊತೆ ಸೇರಿಸಿ, ಸಮಪಾಲು ಮಾಡಿ, ಹಸಿರು ಬಣ್ಣ ಬರಿಸಿಕೊಂಡು ಕೂತಿದ್ದೆ. ಆ್ಯಪು ಸುಳ್ಳು ಹೇಳಿರಲಿಲ್ಲ, ರಕ್ತ ಪರೀಕ್ಷೆಯವರೂ ಹೇಳಿರಲಿಲ್ಲ. ಹೇಳಿದವನು ನಾನು, ಅದು ಸುಳ್ಳೆಂದು ನನಗೇ ಗೊತ್ತಿರಲಿಲ್ಲ.

ಮನೆಗೆ ಬಂದು ಸಾವಿತ್ರಿಗೆ ಹೇಳಿದೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. "ಮನೆಯಲ್ಲಿ ಯಾರಾದ್ರೂ ಬರೋದು ತಡ ಅಂದ್ರೆ ಅವರ ಪಾಲು ಮೊದಲೇ ಎತ್ತಿಡ್ತೇವೆ. ನಿಮ್ಮ ಪಾಲು ಅಲ್ಲಿ ಎತ್ತಿಡುವವರು ಯಾರೂ ಇಲ್ವಾ?" ಎಂದಳು. ಈ ಪ್ರಶ್ನೆ ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಎಷ್ಟೋ ಸಾವಿರ ಜನಕ್ಕೆ ಪಾಲು ಹಾಕಿದವನಿಗೆ ತನ್ನದೊಂದು ಪಾಲು ಇರಬೇಕು ಎಂದೇ ಹೊಳೆದಿರಲಿಲ್ಲ. ಉಳಿದದ್ದೆಲ್ಲ ತನ್ನದು ಎಂದು ತಿಳಿದಿದ್ದ.

ಗಣಪಣ್ಣ ಆ ಕೆಲಸ ವಹಿಸಿಕೊಂಡ. ದೇವರ ನೈವೇದ್ಯವಾದ ಕೂಡಲೇ, ಮೊದಲ ಪಂಕ್ತಿಗೆ ಹೋಗುವ ಮುಂಚೆ, ಒಂದು ಎಲೆಗೆ ಅತಿಥಿಗೆ ಹಾಕುವಷ್ಟೇ ಅನ್ನ, ಪಲ್ಯ ಎರಡು ಪಾಲು, ಕೋಸಂಬರಿ ಎರಡು ಪಾಲು, ಹುಳಿ, ಮಜ್ಜಿಗೆ. ಪಾಯಸ ಇಲ್ಲ, ಹೋಳಿಗೆ ಇಲ್ಲ. ಅದನ್ನು ಇನ್ನೊಂದು ಎಲೆಯಿಂದ ಮುಚ್ಚಿ ಇಡುತ್ತಿದ್ದ. ಮೊದಲ ಪಂಕ್ತಿ ಏಳುವ ಹೊತ್ತಿಗೆ ನಾನು ಒಲೆಯ ಬದಿಯಲ್ಲೇ ಹತ್ತು ನಿಮಿಷ ಕೂತು ಉಣ್ಣಬೇಕು. ಮೊದಲ ದಿನ ಕದ್ದು ತಿಂದ ಹಾಗಾಯಿತು. ನನ್ನ ಅಭಿಮಾನಕ್ಕೆ ಕಾಲಿಗಿಂತ ದೊಡ್ಡ ಗಾಯ ಅದು. ನಾಲ್ಕನೆಯ ದಿನಕ್ಕೆ ರೂಢಿಯಾಯಿತು. ನಾಲ್ಕು ಗಂಟೆಗೆ ಉಳಿದವರ ಜೊತೆ ಮಜ್ಜಿಗೆ ಹಿಡಿದು ಕೂತು ಪಟ್ಟಾಂಗ ಹೊಡೆಯಲು ಏನೂ ತೊಂದರೆಯಾಗಲಿಲ್ಲ.

ಸುಮಾಳಿಗೆ ನನ್ನ ಕೊನೆಯ ಉತ್ತರ ಬರೆಸಿದ್ದು ಆಗಲೇ. ತಿಂದ ಮೇಲೆ ಎಷ್ಟು ತಿಂದೆ ಎಂದು ಕೇಳುವ ಆ್ಯಪಿಗೆ ನಾನು ಬಿಡಿಕಾಸು ಕೊಡುವುದಿಲ್ಲ. ತಿಂದದ್ದನ್ನು ಯಾರು ತಿರುಗಿ ತೆಗೆಯುತ್ತಾರೆ? ಬೆಳಿಗ್ಗೆಯೇ ಕೇಳಬೇಕು, ಇವತ್ತು ನಿನ್ನ ಪಾಲು ಎತ್ತಿಟ್ಟಿದ್ದಾರೋ, ಎಲ್ಲಿ, ಯಾರು ಎಂದು. ಇಟ್ಟಿಲ್ಲವಾದರೆ ಗಣಪಣ್ಣನಂಥವನೊಬ್ಬನಿಗೆ ಅದೇ ಫೋನು ಮಾಡಿ ನೆನಪಿಸಬೇಕು. ಇದಕ್ಕೆ ದುಡ್ಡು ಕೊಡುವವರು ನಾನೊಬ್ಬನೇ ಅಲ್ಲ ಎಂದೆ. ಬಸ್ಸಿನವರು, ನರ್ಸುಗಳು, ಹೋಟೆಲಿನವರು, ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆ ಬಳಿದು ಉಣ್ಣುವ ಅಮ್ಮಂದಿರು. ಕೊನೆಯದನ್ನು ಬರೆಯುವಾಗ ಅವಳು ಒಳಗೆ ಸಾವಿತ್ರಿಯ ಕಡೆ ನೋಡಿದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಮೂರು ತಟ್ಟೆಗೂ ಒಟ್ಟಿಗೇ ಬಡಿಸುತ್ತೇವೆ.

ಮೂರು ತಿಂಗಳಿಗೆ ಡಾಕ್ಟರು ಚೀಟಿ ನೋಡಿದರು. ಇಳಿದಿತ್ತು. ಬೇಕಾದಷ್ಟಲ್ಲ, ಆದರೆ ದಾರಿ ಸರಿಯಿದೆ ಎಂದರು. ಗಾಯದ ಅಂಚು ಒಣಗಿ ಗುಲಾಬಿ ಬಣ್ಣದ ಹೊಸ ಚರ್ಮ ಬರುತ್ತಿತ್ತು. ಇನ್ನೊಂದು ತಿಂಗಳಲ್ಲಿ ಪೂರ್ತಿ ಮುಚ್ಚಿತು. ಬೆರಳು ನನ್ನದೇ ಉಳಿಯಿತು, ಒಲೆಯೂ. ಅಪರೂಪಕ್ಕೆ ಎರಡು ಚಮಚ ಪಾಯಸಕ್ಕೆ ಅಪ್ಪಣೆಯೂ ಆಯಿತು.

ಆಮೇಲೆ ಶೃಂಗೇರಿಯಲ್ಲೊಂದು ಮದುವೆ. ನಾನು ಒಲೆಯ ಬದಿಯಲ್ಲಿ ಎಲೆ ಹಾಕಿಕೊಳ್ಳುತ್ತಿದ್ದಾಗ ಹುಡುಗಿಯ ತಂದೆ ನೋಡಿದರು. ಇದೆಂಥ ಮೂಲೆಯಲ್ಲಿ ಎಂದು ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಎರಡನೇ ಪಂಕ್ತಿಯ ತುದಿಯಲ್ಲಿ ಕೂರಿಸಿಬಿಟ್ಟರು. ಪಕ್ಕದಲ್ಲೊಬ್ಬರು ಹಿರಿಯರು. ಹುಳಿ ಕಲಸಿ ಒಂದು ತುತ್ತು ಉಂಡು ನನ್ನ ಕಡೆ ವಾಲಿದರು.

"ಅಡುಗೆ ಅಡ್ಡಿಲ್ಲ. ಆದ್ರೆ ಈ ಜಯಪುರದವರ ಹುಳಿಗೆ ಯಾವಾಗ್ಲೂ ಉಪ್ಪು ಒಂದು ಕಲ್ಲು ಕಮ್ಮಿ."

ನಾನೂ ಒಂದು ತುತ್ತು ಉಂಡೆ. ಮೂಲೆಯಲ್ಲಿ ಕೂತು ಗಡಿಬಿಡಿಯಲ್ಲಿ ನುಂಗುವಾಗ ತಿಳಿದಿರಲಿಲ್ಲ; ಪಂಕ್ತಿಯಲ್ಲಿ ಕೂತಾಗ ತಿಳಿಯಿತು. ನಿಜವಾಗಿಯೂ ಕಮ್ಮಿ. ಮೂವತ್ತು ವರ್ಷ ನಾನು ಉಪ್ಪಿನ ಹದ ಕಲಿತದ್ದು ನಾಲ್ಕು ಗಂಟೆಯ ಹುಳಿಯಲ್ಲಿ, ನೀರು ಬತ್ತಿ ಉಪ್ಪು ಏರಿದ ಮೇಲೆ.

"ಹೌದು ಮಾರಾಯ್ರೆ, ಕಮ್ಮಿಯೇ," ಎಂದೆ.

"ನೀವು ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?"

"ಒಲೆಯ ಕಡೆ."

ಅವರ ಕೈ ಬಾಯಿಯ ಹತ್ತಿರವೇ ನಿಂತಿತು. ಅಷ್ಟರಲ್ಲಿ ಗಣಪಣ್ಣ ಪಾಯಸ ತಂದ. ನನ್ನನ್ನು ನೋಡಿ ಮುಖದಲ್ಲಿ ಏನೂ ತೋರಿಸದೆ, ಅಳೆದ ಹಾಗೆ ಎರಡು ಚಮಚದಷ್ಟು ಎಲೆಯ ತುದಿಗೆ ಬಿಟ್ಟು ಮುಂದೆ ಹೋದ. ಬೆರಳಲ್ಲಿ ತೆಗೆದು ಬಾಯಿಗಿಟ್ಟೆ. ತೆಳ್ಳಗೆ, ಬಿಸಿಯಾಗಿ, ಏಲಕ್ಕಿಯ ಪರಿಮಳ ಇನ್ನೂ ಆರದೆ ಇತ್ತು. ಜನ ಇಷ್ಟು ವರ್ಷ ಹೊಗಳುತ್ತಿದ್ದದ್ದು ಈ ಪಾಯಸವನ್ನು ಎಂದು ಆವತ್ತು ನನಗೆ ಗೊತ್ತಾಯಿತು.