ಸಾಲಿನ ಕೊನೆಗೆ ಬಂದ ಮೇಷ್ಟ್ರು

ಮೇಷ್ಟ್ರು ಆ ಮಾತನ್ನು ನಿಜವಾಗಿಯೂ ಆಡಿದರೋ, ನನ್ನ ಸಮಾಧಾನಕ್ಕೆ ನಾನೇ ಆಮೇಲೆ ಕಟ್ಟಿಕೊಂಡೆನೋ, ಹೇಳಲಾರೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ತಿ. ನರಸೀಪುರದ ಕಾಲೇಜಿನಲ್ಲಿ ಅಪರಾಧಶಾಸ್ತ್ರ ಓದುತ್ತಿದ್ದ ನಮಗೆ ಅವರು ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದರು. ಮೀಡಿಯನ್ ಕಲಿಸಲು ನಮ್ಮನ್ನೇ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಮಧ್ಯದವ್ರು ಯಾರಪ್ಪಾ, ಕೈ ಎತ್ತಿ" ಎನ್ನುತ್ತಿದ್ದರು. ಕೈ ಎತ್ತಿದವನೇ ಮೀಡಿಯನ್.

ಒಂದು ದಿನ, "ನಿಮ್ಮ ಅಪ್ಪಂದಿರು ಎಷ್ಟು ಓದಿದಾರೋ ಅದರ ಪ್ರಕಾರ ನಿಲ್ಲಿ" ಎಂದರು. ಪದವೀಧರರ ಮಕ್ಕಳು ಕಿಟಕಿಯ ಕಡೆ ಹೋದರು. ನಾವು ಕೆಲವರು ಬಾಗಿಲ ಹತ್ತಿರ ಗುಂಪಾದೆವು. ಅಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬ ಪ್ರಶ್ನೆಯೇ ಇರಲಿಲ್ಲ.

"ನಮ್ಮಪ್ಪನೂ ಇಸ್ಕೂಲ್ಗೆ ಓಗಿದ್ದ ಕಣ್ಲಾ, ಗೋಡೆ ಕಟ್ಟಕ್ಕೆ" ಎಂದ ಪಕ್ಕದವನು. ಎಲ್ಲರೂ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ. ಓದದೆ ಹೋದ ಅಪ್ಪನ ಮೇಲೆ ಸಿಟ್ಟು ಬಂತು. ಆ ಸಿಟ್ಟಿಗೆ ಇಂದಿಗೂ ನಾಚಿಕೆಯಾಗುತ್ತದೆ.

ಮೇಷ್ಟ್ರು ಈ ಸಲ ಮಧ್ಯದವರು ಯಾರೆಂದು ಕೇಳಲಿಲ್ಲ. ನಮ್ಮನ್ನೇ ಸ್ವಲ್ಪ ಹೊತ್ತು ನೋಡಿದರು, ಸೀಮೆಸುಣ್ಣ ಮೇಜಿನ ಮೇಲಿಟ್ಟರು, ಬಂದು ನನ್ನ ಪಕ್ಕ ಸಾಲಿನ ಕೊನೆಯಲ್ಲಿ ನಿಂತರು.

"ಸ್ವಲ್ಪ ಜರುಗಪ್ಪಾ. ನಮ್ಮಪ್ಪನೂ ಸ್ಕೂಲ್ ಮುಖ ಕಂಡೋರಲ್ಲ" ಎಂದರು. ನಾನು ತಲೆ ಎತ್ತಿದೆ.

ಎಷ್ಟೋ ವರ್ಷಗಳ ಮೇಲೆ ಅವರ ಊರು ಹುಲ್ಲಹಳ್ಳಿಯಲ್ಲಿ ಇಬ್ಬರು ಹಿರಿಯರನ್ನು ಬೇರೆಬೇರೆಯಾಗಿ ವಿಚಾರಿಸಿ ಒಂದು ಸಂಗತಿಯನ್ನು ಖಚಿತಪಡಿಸಿಕೊಂಡೆ. ಮೇಷ್ಟ್ರ ತಂದೆ ಹೆಡ್‌ಮಾಸ್ತರಾಗಿದ್ದರು.