ಸ್ವರ್ಗದ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಚಿಗಟೇರಿ ಹತ್ತಿರದ ಒಂದು ಹಳ್ಳಿಯ ನಾಟಕಕ್ಕೆ ಸ್ವರ್ಗದ ಪರದೆ ಬರೆಯಲು ಹೋಗಿದ್ದೆ. ನಾನು ಬರೆದ ಮೊದಲ ಸ್ವರ್ಗ ಅದು, ಸಂಜೆಗೇ ನಾಟಕ. ಇಂದ್ರನ ಪಾತ್ರದವನ ತಾಯಿ ನೋಡಲು ಬಂದರು. ಆಕೆ ಒಪ್ಪದಿದ್ದರೆ ಮಗ ಬಣ್ಣ ಹಚ್ಚುವುದಿಲ್ಲ ಎಂದು ಊರವರು ಮೊದಲೇ ಹೆದರಿಸಿದ್ದರು.

“ಏನಪಾ, ದೇವರೆಲ್ಲ ಒಳಗ ಚಪ್ಪಲಿ ಮೆಟ್ಕೊಂಡೇ ಕುಂತಾರಲ್ಲೋ?”

“ಬಂಗಾರದ್ವು ಅದಾವ, ಯವ್ವಾ.”

“ಬಂಗಾರದಕ್ಕ ಸೆಗಣಿ ಹತ್ತಂಗಿಲ್ಲೇನು? ಹೊರಗ ಬಿಡ್ಸು.”

ದೇವರನ್ನೆಲ್ಲ ಬರಿಗಾಲಲ್ಲಿ ಕೂರಿಸಿ, ಬಾಗಿಲಲ್ಲಿ ಬಂಗಾರದ ಚಪ್ಪಲಿಗಳ ರಾಶಿ ಬರೆದೆ. ಆಕೆ ಬಗ್ಗಿ ನೋಡಿದರು.

“ಎಲ್ಲಾ ಒಂದೇ ನಮೂನಿ ಅದಾವ. ಗುರ್ತು ಹಾಕು, ಅದಲುಬದಲು ಆಗ್ತಾವ.”

“ಸ್ವರ್ಗದಾಗೂ ಆಗ್ತಾವೇನು?”

“ಅಲ್ಲಿರೋರು ಇಲ್ಲಿಂದ ಹೋದೋರ ಅಲ್ಲೇನು?”

ಒಂದೊಂದು ಜೋಡಿಗೂ ಒಂದೊಂದು ಗುರುತು ಹಾಕಿದೆ. ಆಕೆ ದನಿ ತಗ್ಗಿಸಿದರು: “ನಮ್ಮ ಯಜಮಾನ್ರು ಹೋಗಿ ವರ್ಷ ಆತು. ಟೈರಿನ ಚಪ್ಪಲಿ ಅವರ್ವು, ಬಲಗಾಲಿಂದಕ್ಕ ನೀಲಿ ದಾರ ಹೊಲ್ದಿದ್ದೆ. ಅವನ್ನೂ ಒಂದು ಮೂಲ್ಯಾಗ ಬರಿ.”

ಬರೆದೆ. ಸ್ವಲ್ಪ ಹೊತ್ತು ಅವನ್ನೇ ನೋಡುತ್ತ ನಿಂತು, “ಈಗ ಸ್ವರ್ಗ ಆತು ನೋಡು” ಎಂದು ಹೊರಟರು.

ಸಂಜೆ ಇಂದ್ರ ರಂಗಕ್ಕೆ ಬಂದವನೇ ಪರದೆಯ ಬಾಗಿಲು ನೋಡಿದ, ತನ್ನ ಜರಿ ಚಪ್ಪಲಿಯನ್ನೂ ಅಲ್ಲೇ ಕಳಚಿಟ್ಟು ಸಿಂಹಾಸನ ಏರಿದ. ಇಡೀ ಊರಲ್ಲಿ ಒಬ್ಬರೂ ನಗಲಿಲ್ಲ.

ನಾಟಕ ಮುಗಿದ ಮೇಲೆ ರಂಗದಿಂದ ಇಳಿದರೆ, ಕೆಳಗೆ ಬಿಟ್ಟಿದ್ದ ನನ್ನ ಚಪ್ಪಲಿ ಇಲ್ಲ. ಆ ಜಾಗದಲ್ಲಿ ಬೇರೆ ಯಾರದೋ ಹಳೆಯ ಜೋಡಿ ಇತ್ತು. ದೇವರಿಗೆಲ್ಲ ಗುರುತು ಹಾಕಿಕೊಟ್ಟವನಿಗೆ ತನ್ನವಕ್ಕೊಂದು ದಾರ ಕಟ್ಟಿಕೊಳ್ಳಬೇಕೆಂದು ಹೊಳೆದಿರಲಿಲ್ಲ.