ಮಿಸಿಸಿಪ್ಪಿಗೆ ಬರೆದ ಕಾಗದ

ಸಿಪಾಯಣ್ಣನ ಎಡಗೈಯಲ್ಲಿ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ಯುದ್ಧಕಾಲದಲ್ಲಿ ಅಸ್ಸಾಮಿನ ಕಾಡಿನಲ್ಲಿ ರಸ್ತೆ ಮಾಡುವಾಗ ಬಂಡೆ ಉರುಳಿತ್ತಂತೆ. ಅದರಡಿಯಿಂದ ಅವರನ್ನು ಎಳೆದು ಉಳಿಸಿದವನು ಅಮೆರಿಕದ ಒಬ್ಬ ಕಪ್ಪು ಸೈನಿಕ. ಮಿಸಿಸಿಪ್ಪಿಯ ತನ್ನೂರಿಗೆ ಮರಳಿದ ಮೇಲೂ ಅವನು ವರ್ಷಕ್ಕೊಂದೆರಡು ಕಾಗದ ಬರೆಯುತ್ತಿದ್ದ.

ನಾನು ಮೇಲೂರಿನ ಶಾಲೆಗೆ ಟೀಚರಾಗಿ ಬಂದಾಗ ಆ ಕಾಗದ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸಿಪಾಯಣ್ಣ ಊರಾಚೆಯ ಕೇರಿಯವರು. ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರನ್ನು ಜಗಲಿ ಹತ್ತಿಸುತ್ತಿರಲಿಲ್ಲ. ಮನೆ ಬಿಡಿಸಿಯಾರೆಂದು ನಾನೂ ಬಾಯಿ ಬಿಡುತ್ತಿರಲಿಲ್ಲ. ಅವರು ಮಡಿಕೆ ಮುರಿಯದ ಖಾಕಿ ಅಂಗಿ ತೊಟ್ಟು ಬೀದಿಯಲ್ಲೇ ನೆಟ್ಟಗೆ ನಿಂತು ಕೇಳುತ್ತಿದ್ದರು.

"ಕೆಳಗೆ ಕೂರೋದಾದ್ರೆ ನಿಂತೇ ಇರ್ತೀನಿ ಟೀಚರಮ್ಮ" ಎನ್ನುತ್ತಿದ್ದರು.

ಒಂದು ಕಾಗದದಲ್ಲಿ ಸಾವಿನ ಸುದ್ದಿ ಇತ್ತು. ಆ ಸ್ನೇಹಿತನ ತಮ್ಮ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋಗಿದ್ದ. ಅದೇ ವಾರ ಬಿಳಿಯರ ಗುಂಪೊಂದು ಅವನನ್ನು ಮನೆಯಿಂದ ಎಳೆದೊಯ್ದು ಕೊಂದಿತು. ಕೊಂದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ನ್ಯಾಯಾಲಯ ಅವರನ್ನು ಬಿಟ್ಟು ಕಳಿಸಿತು.

"ಅಲ್ಲಿ ಗುಲಾಮ್ರನ್ನ ಬಿಡುಗಡೆ ಮಾಡಿ ಎಷ್ಟು ವರ್ಷ ಆಯ್ತಮ್ಮ?"

"ತೊಂಬತ್ತು ದಾಟಿದೆ" ಎಂದೆ.

ಅವರು ಕಾಗದ ಮಡಿಸಿ ಜೇಬಿಗಿಟ್ಟರು. ಆಮೇಲೆ ಉತ್ತರ ಬರೆಸಿದರು: "ಇಲ್ಲೂ ಕಾನೂನು ಬಂದೈತೆ ಅಂತ ಬರೀರಿ. ಆದ್ರೂ ಹೋಟ್ಲಲ್ಲಿ ನನ್ನ ಲೋಟ ಹೊರಗಡೆ ಗೋಡೆ ಸಂದೀಲೇ ಐತೆ, ಕುಡಿದು ನಾನೇ ತೊಳ್ದಿಡ್ತೀನಿ ಅಂತಾನೂ ಬರೀರಿ. ಅವ್ನು ಒಬ್ನೇ ಅಲ್ಲ ಅಂತ ಗೊತ್ತಾಗ್ಲಿ."

ನನಗಾಗ ಇಪ್ಪತ್ತೆರಡು. ಹೊಸ ದೇಶದ ಮಾನ ನನ್ನ ಪೆನ್ನಿನ ತುದಿಯಲ್ಲಿದೆ ಎಂಬ ಹುಚ್ಚು. ಲೋಟದ ಮಾತು ಬಿಟ್ಟೆ. ನಮ್ಮಲ್ಲಿ ಅಸ್ಪೃಶ್ಯತೆ ಅಳಿದಿದೆ, ಈಗ ಎಲ್ಲರೂ ಸಮಾನರು ಎಂದು ಚಂದದ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.

ಮೂರು ತಿಂಗಳಿಗೆ ಮರುಪತ್ರ ಬಂತು. "ನೀನು ಪುಣ್ಯವಂತ. ನಿನ್ನ ಕಾಗದವನ್ನು ನಮ್ಮ ಚರ್ಚಿನಲ್ಲಿ ಎಲ್ಲರಿಗೂ ಓದಿದೆ. ಒಂದು ದೇಶದಲ್ಲಾದರೂ ಇದು ಮುಗಿಯಿತಲ್ಲ ಎಂದು ಮುದುಕಿಯರು ಅತ್ತರು."

ಅದನ್ನು ಓದಿ ಹೇಳಬೇಕಾದಾಗ ಮತ್ತೊಂದು ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ಮಾಡಿದ್ದನ್ನು ಒಪ್ಪಿಕೊಂಡೆ. ಸಿಪಾಯಣ್ಣ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅವ್ನು ತಮ್ಮನ್ನ ಕಳ್ಕೊಂಡು ನಿಜ ಬರ್ದವ್ನೆ ಟೀಚರಮ್ಮ. ನನ್ನ ಹತ್ರ ಅವ್ನಿಗೆ ಕೊಡೋಕೆ ಇದ್ದದ್ದೂ ನಿಜ ಒಂದೇ. ಅದನ್ನೂ ನೀವು ಕೊಡ್ಲಿಲ್ಲ."

ಅಂದೇ ಇನ್ನೊಂದು ಕಾಗದ ಬರೆದೆವು. ಪ್ರತಿ ಸಾಲನ್ನೂ ಎರಡೆರಡು ಸಲ ಕನ್ನಡದಲ್ಲಿ ಹೇಳಿಸಿಕೊಂಡರು. ಶಿಡ್ಲಘಟ್ಟದ ಅಂಚೆ ಕಚೇರಿಗೆ ನಾನೇ ಹೋಗಿ ಹಾಕಿ ಬಂದೆ. ಆರು ತಿಂಗಳ ಮೇಲೆ ಅದು ಒಡೆಯದೆ ವಾಪಸು ಬಂತು. ವಿಳಾಸದಾರ ಅಲ್ಲಿಲ್ಲ ಎಂಬ ಮುದ್ರೆ ಬಿದ್ದಿತ್ತು. ಅವನು ಊರು ಬಿಟ್ಟನೋ, ಅವನನ್ನೂ ಕೊಂದರೋ, ಯಾರನ್ನು ಕೇಳುವುದು? ಅಂದು ಮೊದಲ ಸಲ, ಒಡತಿಗೆ ಕೇಳುವಂತೆಯೇ, ಮೇಲೆ ಬಂದು ಕೂರಿ ಎಂದು ಕರೆದೆ.

"ಈಗ ಯಾಕಮ್ಮ" ಎಂದು ಹೊರಟುಹೋದರು.

ಎರಡು ವರ್ಷದಲ್ಲಿ ಕ್ಷಯ ಅವರನ್ನು ತೆಗೆದುಕೊಂಡಿತು. ನನಗೆ ಚಿಂತಾಮಣಿಗೆ ವರ್ಗವಾಗಿತ್ತು. ಸುದ್ದಿ ಮುಟ್ಟುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು. ಸಮುದ್ರದಾಚೆಯ ಆ ಮುದುಕಿಯರು ನನ್ನ ಸುಳ್ಳನ್ನೇ ನಂಬಿ ಕಣ್ಣು ಮುಚ್ಚಿರಬೇಕು.